ಉಪ್ಪು ನೋಡುವ ಚಮಚ

ತನ್ನ ಕಸುಬು ತನಗೆ ಎಷ್ಟು ಬರುತ್ತದೆ ಎನ್ನುವುದು ಮನುಷ್ಯನಿಗೆ ಊರು ಬದಲಾಯಿಸುವ ತನಕ ಗೊತ್ತಾಗುವುದಿಲ್ಲ. ನಮ್ಮ ಸೋದರಮಾವ ಒಬ್ಬರು ಮೈಸೂರಿನಲ್ಲಿದ್ದಾಗ ಗಟ್ಟಿಯಾಗಿ ಪಾಠ ಹೇಳುವ ಮೇಷ್ಟ್ರು ಎಂದು ಹೆಸರಾಗಿದ್ದರು. ಮಳವಳ್ಳಿಗೆ ವರ್ಗವಾದ ಮೊದಲ ವಾರವೇ ಪಕ್ಕದ ಕೋಣೆಯ ಮೇಷ್ಟ್ರು ನಿದ್ದೆ ಕೆಡುತ್ತದೆ ಎಂದು ದೂರು ಹೇಳಿದರಂತೆ. ಮಾವ ಈ ಕಥೆ ಹೇಳಿದಾಗಲೆಲ್ಲ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಗಬಾರದಿತ್ತು. ಅವರದು ಗಂಟಲಿನಿಂದ ಆಯಿತು, ನನ್ನದು ಒಂದು ಚಮಚದಿಂದ ಆಯಿತು, ಅಷ್ಟೇ ವ್ಯತ್ಯಾಸ.

ನಾನು ಬೊಂಬಾಯಿಯ ದೊಡ್ಡ ಹೋಟೆಲೊಂದರ ಅಡಿಗೆಮನೆಯಲ್ಲಿ ಹನ್ನೊಂದು ವರ್ಷ ಇದ್ದವನು. ಈರುಳ್ಳಿ ಸುಲಿಯುವುದರಿಂದ ಶುರುಮಾಡಿ ತಲೆಯ ಮೇಲೆ ಒಂದು ಗೇಣುದ್ದದ ಬಿಳಿ ಟೋಪಿ ಇಟ್ಟುಕೊಳ್ಳುವವರೆಗೆ ಬಂದೆ. ಮನೆಯಲ್ಲಿ ‘ತರಕಾರಿ ವಿಭಾಗ’ ಎಂದು ಹೇಳಿದ್ದೆ. ಅದು ಅರ್ಧ ನಿಜ. ಉಳಿದರ್ಧ ನನಗೂ ಬೊಂಬಾಯಿ ಸಮುದ್ರದ ಮೀನಿಗೂ ಗೊತ್ತು. ನನಗೆ ಕೆಲಸ ಕಲಿಸಿದ ಗೋವೆಯ ಮುದುಕ, ನಾಲಿಗೆ ನೋಡದ್ದನ್ನು ಕೈ ಕಳಿಸಬಾರದು ಎನ್ನುತ್ತಿದ್ದ. ರುಚಿ ನೋಡದೆ ಒಂದು ತಟ್ಟೆ ಹೊರಗೆ ಹೋಯಿತೆಂದರೆ ಅವನ ಬಾಯಿಂದ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾಗದು. ಹಾಗಾಗಿ ನನ್ನ ಅಂಗಿಯ ಜೇಬಿನಲ್ಲಿ ಸದಾ ಎರಡು ಚಮಚ. ಉದ್ದದ್ದರಲ್ಲಿ ಪಾತ್ರೆಯಿಂದ ತೆಗೆಯುವುದು, ಚಿಕ್ಕದಕ್ಕೆ ಬಗ್ಗಿಸಿಕೊಂಡು ಬಾಯಿಗಿಡುವುದು. ಉದ್ದದ್ದು ಬಾಯಿಗೆ ಬರುವುದಿಲ್ಲ, ಚಿಕ್ಕದು ಪಾತ್ರೆಗೆ ಹೋಗುವುದಿಲ್ಲ. ಇಷ್ಟು ಶುದ್ಧವಾದ ಏರ್ಪಾಟು ಯಾವ ದೇವಸ್ಥಾನದಲ್ಲೂ ಇಲ್ಲ ಎಂದು ನಾನು ಹೆಮ್ಮೆಪಡುತ್ತಿದ್ದೆ.

ಆ ಸಲ ರಜೆಯ ಮೇಲೆ ಮದ್ದೂರಿಗೆ ಬಂದೆ. ಟ್ರಂಕು ಇಳಿಸಿ ಬಾಗಿಲಲ್ಲಿ ನಿಂತೆ. ಮೂರೂವರೆ ವರ್ಷದ ಮಗಳು ಪುಟ್ಟಿ ಓಡಿಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿ, “ಅಮ್ಮಾ, ಬೊಂಬಾಯಿ ಮಾಮ ಬಂದಿದಾರೆ” ಎಂದಳು. ನನ್ನ ಹೆಂಡತಿ ಶಾರದೆ ಮೊದಲು ನಕ್ಕಳು. ಆಮೇಲೆ ನಗಲಿಲ್ಲ. “ನೀವು ಬಂದಾಗಲೆಲ್ಲ ‘ಅಪ್ಪ’ ಅನ್ನು ಅಂತ ನಾನೇ ಹೇಳಿಕೊಡ್ತೀನಿ, ನೀವು ರೈಲು ಹತ್ತಿದ ಮೇಲೆ ಮರೀತಾಳೆ. ಈ ಸಲ ನಾನು ಹೇಳಿಕೊಡಲ್ಲ. ಇಲ್ಲೇ ಇದ್ದು ನೀವೇ ಕಲಿಸಿ” ಎಂದಳು. ರಜೆ ಇದ್ದದ್ದು ಯುಗಾದಿಯ ತನಕ. ಅಷ್ಟರೊಳಗೆ ಇಲ್ಲೇ ಒಂದು ಕೆಲಸ ಸಿಕ್ಕಿದರೆ ಅಪ್ಪ, ಇಲ್ಲದಿದ್ದರೆ ಮಾಮ.

ಇಷ್ಟು ದೊಡ್ಡ ಹೋಟೆಲಿನ ಅಡಿಗೆಯವನು ಬಂದಿದ್ದಾನೆಂದರೆ ಜನ ಬಂದು ಕರೆಯುತ್ತಾರೆ ಎಂದುಕೊಂಡಿದ್ದೆ. ಯಾರೂ ಕರೆಯಲಿಲ್ಲ. ನಾನೇ ಮಳವಳ್ಳಿಗೆ ಹೋಗಿ ಒಬ್ಬ ಹೋಟೆಲು ಯಜಮಾನರನ್ನು ಕಂಡೆ. “ಗಂಟೆಗೆ ಎಷ್ಟು ದೋಸೆ ತೆಗೀತೀಯಪ್ಪ?” ಎಂದು ಕೇಳಿದರು. ನನಗೆ ಹನ್ನೆರಡು ಬಗೆಯ ಸೂಪು ಬರುತ್ತದೆ ಎಂದೆ. “ಸೂಪು ಅಂದ್ರೆ ತಿಳಿಸಾರು ತಾನೆ? ಅದನ್ನ ನಾವು ಇಡ್ಲಿ ಜೊತೆ ಬಿಟ್ಟಿ ಕೊಡ್ತೀವಿ” ಎಂದರು. ಬಸ್ಸಿನಲ್ಲಿ ಮದ್ದೂರಿಗೆ ವಾಪಸು ಬರುವಾಗ ಆ ಹನ್ನೆರಡನ್ನೂ ಮನಸ್ಸಿನಲ್ಲೇ ಎಣಿಸಿದೆ. ನಿಜಕ್ಕೂ ಅದರಲ್ಲಿ ಏಳು ತಿಳಿಸಾರೇ.

ಆಗ ಆಪದ್ಬಾಂಧವನಂತೆ ಬಂದವನು ಮರೀಗೌಡ. ನನ್ನ ಜೊತೆ ಓದಿದವನು, ಈಗ ಕಟ್ಟಡದ ಕಂಟ್ರಾಕ್ಟರು. “ಲೇ ಸೀಕಂಟ, ಮಂಡ್ಯದಾಗೆ ರೋಡ್ ಮ್ಯಾಲೇ ಒಂದು ಐ ಕ್ಲಾಸ್ ಓಟ್ಲು ಕಟ್ತಾ ಇವ್ನಿ ಕಣ್ಲಾ. ನೆಲಕ್ಕೆ ಜಮಖಾನ, ಬಾಗ್ಲಿಗೆ ಗಾಜು. ನರಸಿಂಹಯ್ಯ ಅಂತ ಯಜಮಾನ್ರು. ಬೊಂಬಾಯಿ ಕಡೆ ಕೆಲ್ಸ ಮಾಡಿರೋನೇ ಬೇಕು ಅಂತ ಕುಂತವ್ರೆ. ನಡೀ, ನಾನ್ ಏಳ್ತೀನಿ” ಎಂದ. ಮಂಡ್ಯಕ್ಕೆ ಹೋಗಿ ನೋಡಿದೆ. ಕನ್ನಡಿಯಂಥ ಮೇಜು, ಕೋಟು ತೊಟ್ಟ ಮಾಣಿಗಳು, ಅಚ್ಚು ಹಾಕಿಸಿದ ತಿಂಡಿಪಟ್ಟಿ. ನನಗೆ ಕಣ್ಣಲ್ಲಿ ನೀರು ಬಂತು. ನರಸಿಂಹಯ್ಯನವರು ನನ್ನ ಸರ್ಟಿಫಿಕೇಟು ಓದಿ ಬಹಳ ಸಂತೋಷಪಟ್ಟು, “ಗುರುವಾರ ಇಪ್ಪತ್ತು ಜನಕ್ಕೆ ಅಡಿಗೆ ಮಾಡಿ ತೋರಿಸಿ. ನಮ್ಮ ತಾಯಿ ಒಪ್ಪಿದರೆ ಮುಗೀತು” ಎಂದರು. ತಾಯಿ ಒಪ್ಪುವ ಮಾತನ್ನು ನಾನು ಮರ್ಯಾದೆಯ ಮಾತು ಎಂದುಕೊಂಡೆ.

ಗುರುವಾರ ಹೋದರೆ ಅಡಿಗೆಮನೆಯ ಮೂಲೆಯಲ್ಲಿ ಒಂದು ಮಣೆ, ಮಣೆಯ ಮೇಲೆ ತುಂಗಮ್ಮನವರು. ಎಪ್ಪತ್ತು ದಾಟಿದ್ದರೂ ಕಣ್ಣು ಚುರುಕು. “ಮಾಡಪ್ಪ, ನಾನು ಸುಮ್ಮನೆ ಕೂತಿರ್ತೀನಿ” ಎಂದರು. ನಾನು ಮಾಡಿದೆ. ಹೆಚ್ಚಿದ ತರಕಾರಿ ಒಂದೇ ಅಳತೆಗೆ ಬಂದದ್ದನ್ನು ನೋಡಿ ಅವರು ತಲೆದೂಗಿದರು. ಹುಳಿ ಕುದಿಯುವ ಪರಿಮಳಕ್ಕೆ, “ಕೈಗುಣ ಇದೆ” ಎಂದರು. ನಾನು ಉಬ್ಬಿಹೋದೆ. ಉಬ್ಬಿದ ಭರದಲ್ಲಿ ಜೇಬಿನಿಂದ ಚಮಚಗಳನ್ನು ತೆಗೆದು, ಉದ್ದದ್ದರಲ್ಲಿ ಎತ್ತಿ, ಚಿಕ್ಕದಕ್ಕೆ ಬಗ್ಗಿಸಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ಉಪ್ಪು ನೋಡಿದೆ. ಉಪ್ಪು ಹದವಾಗಿತ್ತು. ಕಣ್ಣು ತೆರೆದರೆ ತುಂಗಮ್ಮನವರು ಎದ್ದು ನಿಂತಿದ್ದರು.

“ಏನಪ್ಪಾ ಅದು, ಬಾಯಿಗಿಟ್ಟುಕೊಂಡ್ಯಾ?”

ನಾನು ಎರಡು ಚಮಚದ ಏರ್ಪಾಟನ್ನು ವಿವರಿಸಿದೆ. ಮತ್ತೆ ಒಂದು ಸಲ ಮಾಡಿಯೂ ತೋರಿಸಿದೆ. ಈಗ ಯೋಚಿಸಿದರೆ, ತೋರಿಸಬಾರದಿತ್ತು. “ದೇವರಿಗೆ ನೈವೇದ್ಯ ಆಗಿಲ್ಲ, ಅಡಿಗೆ ಒಲೆಯಿಂದ ಇಳಿದೇ ಇಲ್ಲ. ಒಂದು ಚಮಚ ನಿನ್ನ ಬಾಯಿಗೆ ಹೋದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಏನು? ಎಂಜಲೇ ತಾನೆ?” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಹಾವು ತುಳಿದವರ ಹಾಗೆ ಬಿಳಿಚಿಕೊಂಡಿದ್ದರು. ನಾನೂ ಅಷ್ಟೇ. ಇದು ನನಗೆ ಗೊತ್ತಿಲ್ಲದ ವಿಷಯವೇ? ನಮ್ಮ ಅಮ್ಮ ಅಡಿಗೆ ಮಾಡುವಾಗ ಬಾಯಿಗೆ ಒಂದು ಅಗುಳು ಇಟ್ಟದ್ದನ್ನು ನಾನು ಕಂಡದ್ದೇ ಇಲ್ಲ. ಹುಟ್ಟಿನಿಂದ ಗೊತ್ತಿದ್ದದ್ದನ್ನು ನಾಲಿಗೆ ಹನ್ನೊಂದು ವರ್ಷದಲ್ಲಿ ನೆಕ್ಕಿ ಅಳಿಸಿಹಾಕಿತ್ತು.

ಇಪ್ಪತ್ತು ಜನದ ಅಡಿಗೆ ಯಾರಿಗೂ ಬಡಿಸುವ ಹಾಗಿಲ್ಲ ಎಂದಾಯಿತು. ಮರೀಗೌಡ ಬಂದು, “ನಮ್ಗೇನ್ ಎಂಜ್ಲು ಗಿಂಜ್ಲು, ಕೊಡಿ ಇತ್ತಗೆ” ಎಂದು ಪಾತ್ರೆಗಳನ್ನೆಲ್ಲ ಗಾರೆ ಕೆಲಸದವರ ಹತ್ತಿರ ಹೊರಿಸಿಕೊಂಡು ಹೋದ. ಅವರು ಹಿತ್ತಲಿನಲ್ಲಿ ಕೂತು ತಳ ಕಾಣುವ ತನಕ ಉಂಡು, “ಉಪ್ಪು ಸರ್ಯಾಗಿ ಕುಂತದೆ ಕಣಣ್ಣೋ” ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಹೊಗಳಿಕೆ ಅಷ್ಟು ಕೆಟ್ಟ ಹೊತ್ತಿನಲ್ಲಿ ಬಂದದ್ದು ಅದೊಂದೇ ಸಲ.

ಸಂಜೆಯ ಪ್ಯಾಸೆಂಜರಿನಲ್ಲಿ ಮುಖ ಮುಚ್ಚಿಕೊಂಡು ಕೂತೆ. ಆ ಗಾರೆ ಕೆಲಸದವರಲ್ಲಿ ಒಬ್ಬ ಹನಕೆರೆಯವನು, ಅದೇ ಡಬ್ಬಿಯಲ್ಲಿದ್ದ. ಇಳಿಯುವ ಮೊದಲು ಎಲ್ಲರಿಗೂ ಕೇಳುವ ಹಾಗೆ, “ಬುದ್ಧೀ, ಹುಳಿ ಬೊಂಬಾಟಾಗಿತ್ತು. ಆ ಅಜ್ಜಮ್ಮ ಎಂಜ್ಲು ಅಂತ ಬುಟ್ರಲ್ಲ, ಅವ್ರಿಗೇ ಲುಕ್ಸಾನು ಬುಡಿ” ಎಂದು ಸಮಾಧಾನ ಹೇಳಿ ಇಳಿದ. ಡಬ್ಬಿಯ ಇನ್ನೊಂದು ತುದಿಯಲ್ಲಿ ನಮ್ಮ ಬೀದಿಯ ಪುರೋಹಿತರು ಕೂತಿದ್ದರು. ಮದ್ದೂರಿನಲ್ಲಿ ಅವರು ನನಗಿಂತ ಬೇಗ ನಡೆದರು.

ನಾನು ಮನೆ ಸೇರಿದಾಗ ಅಮ್ಮ ಹೊಸ್ತಿಲಲ್ಲೇ ನಿಂತಿದ್ದಳು. “ಹನ್ನೊಂದು ವರ್ಷವೂ ಹೀಗೇ ಮಾಡಿದೆಯೇನೋ?” ಎಂದಳು. ಹೌದು ಎಂದೆ. “ದಿನಾ?” ದಿನಾ ಎಂದೆ. “ಅಷ್ಟು ಜನ ದೊಡ್ಡಮನುಷ್ಯರು, ದೇಶದೇಶದವರು, ಎಲ್ಲರೂ ದುಡ್ಡು ಕೊಟ್ಟು ನಿನ್ನ ಎಂಜಲು ತಿಂದರೇ?” ಎಂದು ಕಂಬ ಹಿಡಿದು ಕೂತಳು. ಆ ದೃಷ್ಟಿಯಿಂದ ನಾನು ನನ್ನ ಉದ್ಯೋಗವನ್ನು ನೋಡಿರಲಿಲ್ಲ. ನನಗೂ ಕೂರಬೇಕೆನಿಸಿತು. ಆದರೆ ಅಮ್ಮನ ಮುಂದಿನ ಪ್ರಶ್ನೆ ಕೇಳಿ ನಿಂತೇ ಉಳಿದೆ. “ರುಚಿ ನೋಡದೆ ನಿನಗೆ ಉಪ್ಪು ಹಾಕೋಕೆ ಬರಲ್ವೇನೋ?”

ಬರುವುದಿಲ್ಲ. ಟೋಪಿ, ಸರ್ಟಿಫಿಕೇಟು, ಹನ್ನೆರಡು ಸೂಪು ಎಲ್ಲ ಇದ್ದೂ, ನಮ್ಮ ಬೀದಿಯ ಪ್ರತಿ ಹೆಂಗಸಿಗೂ ಬರುವ ಕೆಲಸ ನನಗೆ ಬರುವುದಿಲ್ಲ. ಈ ಆಘಾತದಿಂದ ನಾನು ಎರಡು ದಿನ ಅಡಿಗೆಮನೆಯ ಕಡೆ ತಲೆ ಹಾಕಲಿಲ್ಲ.

ಮೂರನೆಯ ದಿನ ಮರೀಗೌಡ ಬಂದ. “ಅಜ್ಜಮ್ಮಂಗೆ ಕೈ ಮುಗ್ದು ಬಂದಿವ್ನಿ ಕಣ್ಲಾ. ಯುಗಾದಿ ಇಂದ್ಲ ಗುರುವಾರ ಇನ್ನೊಂದು ಕಿತ ಬಾ ಅಂದವ್ರೆ. ಸಂಸಾರಸ್ತ್ರು ತಾನೆ, ಅಮ್ಮ, ಎಂಡ್ರು, ಮಗೀನೂ ಕರ್ಕೊಂಡು ಬರ್ಲಿ, ಉಂಡ್ಕೊಂಡು ಓಗ್ಲಿ ಅಂದ್ರು. ಆದ್ರೆ ಆ ಚಮ್ಚ ಏನಾರ ತಂದ್ಯೋ, ನಾನೇ ನಿನ್ನ ಕೆರೆಗೆ ಆಕ್ಬುಡ್ತೀನಿ” ಎಂದ. ಶಾರದೆ ಆಗಲೇ ನನ್ನ ಜೇಬಿನಿಂದ ಚಮಚಗಳನ್ನು ತೆಗೆದು ಅಕ್ಕಿ ಡಬ್ಬಿಯ ತಳಕ್ಕೆ ಸೇರಿಸಿದಳು. ಅಂದಿನಿಂದ ಅಮ್ಮ ನನಗೆ ಪಾಠ ಶುರುಮಾಡಿದಳು. “ಉಪ್ಪು ಬಿದ್ದ ಹುಳಿಯ ವಾಸನೆಯೇ ಬೇರೆ ಕಣೋ, ಮೂಸಿ ನೋಡು” ಎನ್ನುವಳು. ನಾನು ಎಂಟು ದಿನ ಒಲೆಯ ಮುಂದೆ ಕೂತು ಮೂಸಿದೆ. ನನ್ನ ಮೂಗಿಗೆ ಇಂಗಿನ ಹೊರತು ಏನೂ ತಿಳಿಯಲಿಲ್ಲ. “ಹೋಗಲಿ, ಕೈಗೇ ಗೊತ್ತಾಗುತ್ತೆ ಬಿಡು” ಎಂದಳು. ಕೈ ಸುಮ್ಮನೆ ಜೇಬಿನ ಕಡೆ ಹೋಗುತ್ತಿತ್ತು. ಪುಟ್ಟಿ ಇದನ್ನೆಲ್ಲ ನೋಡಿ, “ಮಾಮಂಗೆ ಅಡಿಗೆ ಬರಲ್ಲ” ಎಂದು ಪಕ್ಕದ ಮನೆಗೆ ಹೋಗಿ ಹೇಳಿಬಂದಳು. ಅದಕ್ಕಿಂತ ಆ ‘ಮಾಮ’ನೇ ನನ್ನನ್ನು ಹೆಚ್ಚು ಇರಿದದ್ದು.

ಆ ಗುರುವಾರ ತುಂಗಮ್ಮನವರ ಮಣೆ ಒಲೆಗೆ ಇನ್ನೂ ಎರಡು ಮೊಳ ಹತ್ತಿರ ಬಂದಿತ್ತು. ಅವರು ನನ್ನ ಕೈ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ನಾನು ತುಟಿ ಬಿಗಿಹಿಡಿದು ಮೂಗಿನಲ್ಲೇ ಉಸಿರಾಡುತ್ತ ಅಡಿಗೆ ಮಾಡಿದೆ. ಪಲ್ಯಕ್ಕೆ ಉಪ್ಪು ಹಾಕಿದ್ದು ನೆನಪಿದೆ. ಕೋಸಂಬರಿಗೆ ಹಾಕಿದ್ದು ನೆನಪಿದೆ. ಹುಳಿಯ ಮುಂದೆ ಬಂದಾಗ ಯೋಚನೆ ಹತ್ತಿತು: ಹಾಕಿದೆನೇ, ಇಲ್ಲವೇ? ಈಗ ಹಾಕಿದರೆ ಎರಡು ಸಲ ಆದೀತು. ಎರಡು ಸಲ ಆದರೆ ಬಾಯಿಗಿಡಲಾಗದು. ಒಂದು ತೊಟ್ಟು ನಾಲಿಗೆಗೆ ತಾಗಿಸಿದ್ದರೆ ಅರೆಕ್ಷಣದಲ್ಲಿ ತೀರ್ಮಾನವಾಗುತ್ತಿತ್ತು. ತುಂಗಮ್ಮನವರ ಕಣ್ಣು ನನ್ನ ತುಟಿಯ ಮೇಲೇ ಇತ್ತು. ಹಾಕಿರುತ್ತೇನೆ, ಹನ್ನೊಂದು ವರ್ಷದ ಕೈ ಮರೆಯುವುದುಂಟೇ, ಎಂದು ಪಾತ್ರೆ ಇಳಿಸಿದೆ.

ನೈವೇದ್ಯವಾಯಿತು. ದೇವರು ಏನೂ ಹೇಳಲಿಲ್ಲ. ಕನ್ನಡಿಯಂಥ ಮೇಜುಗಳ ಮೇಲೆ ಬಾಳೆಯೆಲೆ ಹಾಸಿ ಬಡಿಸಿದರು. ಕಚೇರಿಯ ದೊಡ್ಡವರು ನಾಲ್ಕಾರು ಜನ, ನರಸಿಂಹಯ್ಯನವರ ನೆಂಟರು, ಕೊನೆಯ ಮೇಜಿನಲ್ಲಿ ಶಾರದೆ, ಪುಟ್ಟಿ, ಅಮ್ಮ. ಹುಳಿ ಬಂತು. ಎಲ್ಲರೂ ಕಲಸಿ ಒಂದೊಂದು ತುತ್ತು ತಿಂದರು. ಆಗ ಒಂದು ದೃಶ್ಯ ಕಂಡೆ. ಈಗಲೂ ನೆನೆಸಿಕೊಂಡರೆ ಬೆವರುತ್ತೇನೆ. ಒಬ್ಬರಾದ ಮೇಲೊಬ್ಬರ ಬೆರಳುಗಳು ಸದ್ದಿಲ್ಲದೆ ಎಲೆಯ ತುದಿಯ ಉಪ್ಪಿನ ಕಡೆಗೆ ಹೋಗುತ್ತಿದ್ದವು. ಮರ್ಯಾದಸ್ಥರು, ಯಾರೂ ಹೇಳುವವರಲ್ಲ. ಅಮ್ಮ ನನ್ನ ಮುಖ ನೋಡಲಾರದೆ ತಲೆ ತಗ್ಗಿಸಿದಳು. ಶಾರದೆ ಉಪ್ಪಿಲ್ಲದ ಅನ್ನವನ್ನೇ ಗಬಗಬನೆ ಉಣ್ಣತೊಡಗಿದಳು, ಎಲ್ಲ ಸರಿಯಾಗಿದೆ ಎಂದು ಊರಿಗೆ ತೋರಿಸುವವಳ ಹಾಗೆ.

“ಅಪ್ಪ ಹುಳಿಗೆ ಉಪ್ಪೇ ಹಾಕಿಲ್ಲ” ಎಂದಳು ಪುಟ್ಟಿ.

ಆ ಗಾಜಿನ ಬಾಗಿಲಿನ ಕೋಣೆಯಲ್ಲಿ ಅದು ಗಂಟೆ ಹೊಡೆದ ಹಾಗೆ ಕೇಳಿಸಿತು. ಎಲ್ಲರೂ ಉಪ್ಪಿನ ಮಾತು ಕೇಳಿಸಿಕೊಂಡರು. ನಾನು ಮೊದಲನೆಯ ಮಾತು ಮಾತ್ರ ಕೇಳಿಸಿಕೊಂಡೆ. ಯಾರು ಹೇಳಿಕೊಟ್ಟರು ಎಂದು ಶಾರದೆಯನ್ನು ನೋಡಿದೆ. ಅವಳು ಬಾಯಲ್ಲಿ ತುತ್ತಿಟ್ಟುಕೊಂಡೇ ತಾನಲ್ಲ ಎಂದು ತಲೆಯಾಡಿಸಿದಳು. ಅವಳ ಕಣ್ಣು ತುಂಬಿತ್ತು. ನಾನು ಸೌಟು ಹಿಡಿದುಕೊಂಡು ಹಲ್ಲುಕಿರಿಯುತ್ತ ನಿಂತೆ. ಕೆಲಸ ಹೋಯಿತು, ಮುಂದಿನ ವಾರ ರೈಲು, ಇವತ್ತು ಕಲಿತದ್ದನ್ನು ಇವಳು ಮತ್ತೆ ಮರೆಯುತ್ತಾಳೆ ಎಂದು ಹೊಳೆದದ್ದು ಆಮೇಲೆ.

ನರಸಿಂಹಯ್ಯನವರು ಪಕ್ಕದ ಎಲೆಗೆ ಕೂತಿದ್ದ ತಾಯಿಯ ಕಡೆ ತಿರುಗಿದರು. ತುಂಗಮ್ಮನವರು ಒಂದು ತುತ್ತು ಹುಳಿ ಅನ್ನ ಬಾಯಿಗಿಟ್ಟು ನಿಧಾನವಾಗಿ ಅಗಿದರು. ಅವರ ಮುಖದಲ್ಲಿ ಒಂದು ಬಗೆಯ ತೃಪ್ತಿ ಕಂಡು ನನಗೆ ದಿಗ್ಭ್ರಮೆಯಾಯಿತು. “ಉಪ್ಪಿನ ಹರಳೂ ಇಲ್ಲ. ಅಂದ ಮೇಲೆ ಇವನು ಬಾಯಿಗಿಟ್ಟಿಲ್ಲ ಅಂತ ಆಯ್ತಲ್ಲ. ಇದಕ್ಕಿಂತ ಸಾಕ್ಷಿ ಬೇಕೇನೋ ನರಸಿಂಹ? ಇವನನ್ನೇ ಇಟ್ಟುಕೋ” ಎಂದರು. ಆಮೇಲೆ ಕಚೇರಿಯ ದೊಡ್ಡವರ ಕಡೆ ನೋಡಿ, “ಉಪ್ಪನ್ನ ಎಲೆಯಲ್ಲಿ ಕಲಸಿಕೊಳ್ಳಬಹುದು. ಎಂಜಲನ್ನ ಹೆಕ್ಕಿ ತೆಗೆಯೋಕಾಗುತ್ತಾ?” ಎಂದು ಕೇಳಿದರು. ಇಲ್ಲ ಎಂದು ಅವರೆಲ್ಲ ಒಪ್ಪಿಕೊಂಡರು.

ಹೀಗೆ ನನಗೆ ಕೆಲಸವಾಯಿತು. ಉಪ್ಪು ಹಾಕುವುದು ಮರೆತದ್ದಕ್ಕೆ ಕೆಲಸ ಸಿಕ್ಕಿದ ಅಡಿಗೆಯವನು ನನ್ನ ಹೊರತು ಬೇರೆ ಯಾರಾದರೂ ಇದ್ದರೆ ನಾನು ಅವರನ್ನು ನೋಡಬೇಕು. ನರಸಿಂಹಯ್ಯನವರು ಮುಂಜಾಗ್ರತೆಗಾಗಿ ಪ್ರತಿ ಮೇಜಿನ ಮೇಲೂ ತೂತಿನ ಮುಚ್ಚಳದ ಒಂದು ಉಪ್ಪಿನ ಶೀಷೆ ಇಡಿಸಿದರು. ಮಂಡ್ಯದ ಜನ ಅದನ್ನು ನಾನು ತಂದ ಬೊಂಬಾಯಿ ಪದ್ಧತಿ ಎಂದು ತಿಳಿದು, ನೆಂಟರನ್ನು ಕರೆತಂದು ತೋರಿಸಿದರು. ನಾನು ಅಲ್ಲವೆನ್ನಲಿಲ್ಲ. ಅಮ್ಮ ಹೇಳಿದ ಹಾಗೆ ಕೈಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಆ ವರ್ಷದ ಗಿರಾಕಿಗಳಿಗೆಲ್ಲ ನಾನು ಋಣಿ.

ಪುಟ್ಟಿ ಅಂದಿನಿಂದ ನನ್ನನ್ನು ಅಪ್ಪ ಎಂದೇ ಕರೆಯುತ್ತಾಳೆ. ಅದಕ್ಕಿಂತ ನನಗೆ ಇನ್ನೇನು ಬೇಕು? ಆದರೆ ಊಟಕ್ಕೆ ಕೂತಾಗ ಅವಳು “ಅಪ್ಪಾ” ಎಂದು ಬಾಯಿ ತೆರೆದರೆ ಸಾಕು, ಅವಳು ಮುಂದೇನು ಹೇಳುತ್ತಾಳೆಂದು ಕೇಳುವ ಮೊದಲೇ ನನ್ನ ಕೈ ಉಪ್ಪಿನ ಬಟ್ಟಲಿಗೆ ಹೋಗಿರುತ್ತದೆ.