ಬೆಂಡೆಕಾಯಿ ಸಾರಿನ ರಫ್ತು

ಗಡಿ ವ್ಯಾಪಾರ ಉತ್ತೇಜನ ಇಲಾಖೆಯ ಕಡತದ ಪ್ರಕಾರ, ಜೆಕೊಪೆ ಗ್ರಾಮದ ಕೊಸಿವಾ ಎಂಬ ಐವತ್ತೆಂಟು ವರ್ಷದ ವಿಧವೆಯು ದಿನಕ್ಕೆ ಎರಡು ಬಾರಿ ಘಾನಾ ದೇಶದಿಂದ ಟೋಗೋ ದೇಶಕ್ಕೆ ಬೆಂಡೆಕಾಯಿ ಸಾರನ್ನು ರಫ್ತು ಮಾಡುತ್ತಿದ್ದಳು. ರಫ್ತಿನ ದೂರ ಹದಿನಾಲ್ಕು ಹೆಜ್ಜೆ. ಈ ವ್ಯವಹಾರವು ಮೂವತ್ತು ವರ್ಷಗಳಿಂದ ಯಾವುದೇ ಪರವಾನಗಿಯಿಲ್ಲದೆ ನಡೆದುಬಂದಿದ್ದು ಇಲಾಖೆಗೆ ತೀವ್ರ ನೋವಿನ ಸಂಗತಿಯಾಗಿತ್ತು.

ತಾನು ರಫ್ತುದಾರಳೆಂಬುದು ಕೊಸಿವಾಳಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಅಂಗಳದ ಈಚೆ ತನ್ನ ಒಲೆ, ಆಚೆ ಅಪ್ಪನ ಕೋಣೆ. ಅಪ್ಪ ಟೊಗ್ಬಿ ಅಗ್ಬಾನುಗೆ ಎಂಬತ್ತೇಳು ವರ್ಷ, ಬಾಯಲ್ಲಿ ಒಂದೂ ಹಲ್ಲಿಲ್ಲ. ಮನೆತನದ ಹಿರಿಯನಾದವನು ಪೂರ್ವಜರ ಪೀಠವಿರುವ ಕೋಣೆ ಬಿಟ್ಟು ಬೇರೆಡೆ ಮಲಗುವಂತಿಲ್ಲ, ಉಣ್ಣುವಂತಿಲ್ಲ. ಅಕ್ಪ್ಲೆ, ಅಂದರೆ ಮೆಕ್ಕೆಜೋಳದ ಮುದ್ದೆ, ಬಿಸಿಯಿದ್ದರೆ ಸಾರಿನಲ್ಲಿ ಜಾರಿ ಅವನ ಗಂಟಲಿಗೆ ಇಳಿಯುತ್ತಿತ್ತು, ಆರಿದರೆ ಇಳಿಯುತ್ತಿರಲಿಲ್ಲ. ಹಾಗಾಗಿ ಮಡಕೆ ಇಳಿಸಿದವಳೇ ಅವಳು ಬಟ್ಟಲು ಹಿಡಿದು ಓಡುತ್ತಿದ್ದಳು.

ಅಂಗಳದ ನಡುವೆ ಸೊಂಟದೆತ್ತರದ ಒಂದು ಗಡಿಕಂಬ. ಬಿಳಿಯರು ನಾಡು ಹಂಚಿಕೊಂಡ ಕಾಲದಲ್ಲಿ ಒಬ್ಬ ಇಂಗ್ಲಿಷ್ ಸಾಹೇಬನೂ ಒಬ್ಬ ಫ್ರೆಂಚ್ ಸಾಹೇಬನೂ ಅಳತೆಯ ಸರಪಳಿ ಹಿಡಿದು ಬಂದಿದ್ದರಂತೆ. ಗೆರೆ ಹೋಗಬೇಕಾಗಿದ್ದು ಊರಾಚೆಯ ಹಳ್ಳದಗುಂಟ. ಆದರೆ ಆ ಸೀಮೆಯ ಎವೆ ಎಂಬ ಜನರ ಮನೆಯಲ್ಲಿ ಬಂದವರಿಗೆ ಮೊದಲು ಕೂರಲು ಪೀಠ, ಆಮೇಲೆ ಕುಡಿಯಲು ನೀರು, ಅದೆಲ್ಲ ಆದಮೇಲೇ ‘ಏನು ಬಂದಿರಿ’ ಎಂಬ ಪ್ರಶ್ನೆ. ಕೊಸಿವಾಳ ಮುತ್ತಜ್ಜ ಮರದ ನೆರಳಲ್ಲಿ ಎರಡು ಪೀಠ ಹಾಕಿದ, ನೀರು ಕೊಟ್ಟ. ಸಾಹೇಬರಿಗೆ ಹಾಯೆನಿಸಿತು. ಮತ್ತೆ ಬಿಸಿಲಿಗೆ ಏಳುವ ಮನಸ್ಸಾಗದೆ ಎರಡು ಪೀಠಗಳ ನಡುವೆಯೇ ಕಂಬ ನೆಡಿಸಿಬಿಟ್ಟರು. ಮುತ್ತಜ್ಜ ‘ಏನು ಬಂದಿರಿ’ ಎಂದು ಕೇಳುವ ಹೊತ್ತಿಗೆ ಮನೆ ಎರಡು ದೇಶವಾಗಿತ್ತು. ಮುಂದೆ ಸ್ವಾತಂತ್ರ್ಯ ಬಂತು. ಅಂಗಳದ ಈ ಪಕ್ಕಕ್ಕೆ ಒಂದು ಸಲ, ಆ ಪಕ್ಕಕ್ಕೆ ಇನ್ನೊಂದು ಸಲ. ಕಂಬ ಮಾತ್ರ ಅಲ್ಲೇ ಉಳಿಯಿತು. ಕೊಸಿವಾ ಅದಕ್ಕೆ ಮೇಕೆ ಕಟ್ಟುತ್ತಿದ್ದಳು.

ನೆರೆಯ ದೇಶಗಳ ನಡುವೆ ವ್ಯಾಪಾರ ಬೆಳೆಯಬೇಕೆಂದು ದೂರದ ದೇಶಗಳು ತೀರ್ಮಾನಿಸಿ ನೆರವು ಕಳಿಸಿದಾಗ ತೊಡಕು ಶುರುವಾಯಿತು. ಆರು ತಿಂಗಳಲ್ಲಿ ವ್ಯಾಪಾರ ಬೆಳೆದದ್ದು ಕಣ್ಣಿಗೆ ಕಾಣಬೇಕು ಎಂಬುದು ನೆರವಿನ ಷರತ್ತು. ಆದರೆ ಒಣಮೀನು, ತಾಳೆ ಎಣ್ಣೆ ಹೊತ್ತ ಹೆಂಗಸರೆಲ್ಲ ಇಲಾಖೆಯ ಗೇಟು ಕಂಡರೆ ಸಾಕು, ಪೊದೆಗಳ ನಡುವಿನ ಕಾಲುದಾರಿ ಹಿಡಿಯುತ್ತಿದ್ದರು. ಹಾಡಹಗಲೇ, ಎಲ್ಲರೆದುರು, ತಪ್ಪದೆ ಗಡಿ ದಾಟುತ್ತಿದ್ದ ಸರಕು ಇಡೀ ಜಿಲ್ಲೆಯಲ್ಲಿ ಒಂದೇ ಇತ್ತು.

ಇಲಾಖೆಯ ಅಧಿಕಾರಿ ಕ್ಲುಟ್ಸೆ ಒಂದು ಮಧ್ಯಾಹ್ನ ಬಂದರು. ಕೊಸಿವಾ ಪೀಠ ಹಾಕಿದಳು, ನೀರು ಕೊಟ್ಟಳು. ಆ ಮನೆಯವರಿಗೆ ಬುದ್ಧಿ ಬಂದಿರಲಿಲ್ಲ.

“ಅಕ್ಕಾ, ದಿನಕ್ಕೆ ಎಷ್ಟು ಸಲ ಗಡಿ ದಾಟ್ತೀರಿ?”

“ನಾನ್ಯಾಕೆ ಗಡಿ ದಾಟ್ಲಿ ಸಾಹೇಬ್ರೇ? ಅಪ್ಪಂಗೆ ಊಟ ಕೊಟ್ಟು ಬರ್ತೀನಿ, ಅಷ್ಟೇ.”

“ಹೋಗುವಾಗ ಬಟ್ಟಲು ತುಂಬಿರುತ್ತೋ?”

“ತುಂಬಿರದೆ?”

“ಬರುವಾಗ?”

“ಖಾಲಿ. ಅಪ್ಪ ನೆಕ್ಕಿ ಇಟ್ಟಿರ್ತಾರೆ.”

ಕ್ಲುಟ್ಸೆ ಬರೆದುಕೊಂಡರು: ‘ರಫ್ತು: ಸಾರು. ಆಮದು: ಬಟ್ಟಲು, ಬಳಸಿದ್ದು.’ ಅವರ ಕಣ್ಣು ತುಂಬಿ ಬಂದಿತ್ತು. ಜಿಲ್ಲೆಯಲ್ಲಿ ಎರಡೂ ಕಡೆಯಿಂದ ನಡೆಯುವ ವ್ಯಾಪಾರವನ್ನು ಅವರು ನೋಡಿದ್ದು ಅದೇ ಮೊದಲು.

ಮುಂದಿನ ವಾರ ಕಂಬದ ಮೇಲೆ ಸುತ್ತೋಲೆ ಅಂಟಿಸಲಾಯಿತು. ‘ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸಾರಿನ ಮುಕ್ತ ಸಂಚಾರಕ್ಕೆ ಉತ್ತೇಜನ ನೀಡುವ ಸಲುವಾಗಿ ಸಾರನ್ನು ಇನ್ನು ಮುಂದೆ ತಡೆದು ತಪಾಸಣೆ ಮಾಡಲಾಗುವುದು. ಸಾರಿನಲ್ಲಿರುವ ಮೀನುಗಳ ಸಂಖ್ಯೆಯನ್ನು ಮುಂಚಿತವಾಗಿ ಘೋಷಿಸತಕ್ಕದ್ದು. ದಾರಿಯಲ್ಲಿ ತುಳುಕಿದ ಸಾರನ್ನು ಕಳ್ಳಸಾಗಣೆ ಎಂದು ಪರಿಗಣಿಸಲಾಗುವುದು.’

ಕಂಬದ ಈಚೆ ಕ್ಲುಟ್ಸೆಯವರ ತಗಡಿನ ಗೂಡು ಎದ್ದಿತು. ಆಚೆ ಟೋಗೋ ಸರ್ಕಾರದ ಅಧಿಕಾರಿ ಮೊಸಿಯೊ, ಅಂದರೆ ಶ್ರೀಮಾನ್, ಅಮೆಗಾನ್ ಅವರ ಗೂಡು. ಇವರು ಇಂಗ್ಲಿಷಿನಲ್ಲಿ ಪತ್ರ ಬರೆದರೆ ಅವರು ಫ್ರೆಂಚಿನಲ್ಲಿ ಉತ್ತರ ಬರೆಯುತ್ತಿದ್ದರು. ಇಬ್ಬರೂ ಷಡ್ಡಕರು, ಭಾನುವಾರ ಒಂದೇ ಅತ್ತೆಯ ಮನೆಯಲ್ಲಿ ಒಂದೇ ಬಟ್ಟಲಿಗೆ ಕೈಹಾಕಿ ಎವೆ ಭಾಷೆಯಲ್ಲೇ ಹರಟುತ್ತಿದ್ದರು. ಅದು ಖಾಸಗಿ ವಿಷಯ.

ಊಟದ ಬಟ್ಟಲು ಹಿಡಿದಾಗ ಎದುರಿಗೆ ಯಾರೇ ಬರಲಿ, ‘ಬನ್ನಿ, ಉಣ್ಣೋಣ’ ಎನ್ನದೆ ಮುಂದೆ ಹೋಗುವುದು ಆ ಜನರಲ್ಲಿ ಇಲ್ಲ. ಹಾಗೆ ಕರೆದಾಗ ‘ನಿಮ್ಮ ಕೈಗೆ ಬರಲಿ’ ಎಂದು ಹರಸಿ ಸುಮ್ಮನಿರುವುದು ಮರ್ಯಾದೆ. ಕೊಸಿವಾ ಅಭ್ಯಾಸಬಲದಿಂದ ಎರಡು ಗೂಡುಗಳ ಮುಂದೆಯೂ ಕರೆದಳು. ಇಬ್ಬರೂ ಅಧಿಕಾರಿಗಳು ಅದನ್ನು ಲಿಖಿತ ಆಹ್ವಾನವೆಂದೇ ಭಾವಿಸಿ, ಗುಣಮಟ್ಟದ ಸಲುವಾಗಿ ತಲಾ ಒಂದು ಮೀನು, ಮೂರು ತುತ್ತು ಪರಿಶೀಲಿಸಿದರು. ರಾತ್ರಿಯ ಸಾರನ್ನು ಮತ್ತೆ ಹೊಸದಾಗಿ ಪರಿಶೀಲಿಸಿದರು. ಬೆಳಗಿನ ಮೊಹರು ರಾತ್ರಿಗೆ ನಡೆಯುವುದಿಲ್ಲ. ಇಬ್ಬರೂ ಮೈತುಂಬಿಕೊಂಡರು. ತ್ರೈಮಾಸಿಕ ವರದಿಯಲ್ಲಿ ವ್ಯಾಪಾರ ಶೂನ್ಯದಿಂದ ನೂರ ಎಂಬತ್ತಕ್ಕೆ ಏರಿತು.

ಬಟ್ಟಲು ಅಪ್ಪನ ಕೋಣೆ ತಲುಪುವಾಗ ಮುದ್ದೆ ಆರಿ ಗಟ್ಟಿಯಾಗಿರುತ್ತಿತ್ತು.

“ಮಗಳೇ, ಇದೇನು ಮುದ್ದೆಯೋ, ಗಡಿಕಲ್ಲೋ?” ಎಂದ ಟೊಗ್ಬಿ. ನುಂಗಲು ನೋಡಿದ, ಕೆಮ್ಮಿದ, ಬಟ್ಟಲು ಸರಿಸಿದ. ಒಂದು ತಿಂಗಳಲ್ಲಿ ಅವನ ಕೊರಳ ಎಲುಬುಗಳು ಎದ್ದು ಕಂಡವು. ಅಪ್ಪ ತನ್ನ ಕಣ್ಣೆದುರೇ ಹಸಿದು ಸಾಯುತ್ತಾನೆ ಎಂದು ಕೊಸಿವಾಳ ಎದೆ ಒಡೆಯಿತು. ನೇರ ಗೂಡಿಗೆ ಹೋದಳು.

“ತಮ್ಮಾ, ನಿನಗೂ ಒಬ್ಬ ಅಪ್ಪ ಇದಾನೋ, ಇಲ್ಲಾ ಇಲಾಖೆಯೇ ಹೆತ್ತಿತೋ?”

ಕ್ಲುಟ್ಸೆ ಬೇಸರಪಟ್ಟುಕೊಳ್ಳಲಿಲ್ಲ. “ತಪ್ಪು ನಿಮ್ಮದೇ ಅಕ್ಕಾ. ನೀವು ಬೇಯಿಸ್ತೀರಿ. ತಪಾಸಣೆ, ಸುಂಕ, ಮೊಹರು ಎಲ್ಲ ಬೇಯಿಸಿದ್ದಕ್ಕೆ. ಹಸಿ ಬೆಂಡೆ, ಹಿಟ್ಟು, ಮೀನು ಹಾಗೇ ಕಳಿಸಿ, ಯಾರೂ ಮುಟ್ಟಲ್ಲ. ಓಡ್ಕೊಂಡು ಹೋಗ್ಬಹುದು.”

“ಹಲ್ಲಿಲ್ಲದ ಮುದುಕ ಹಸಿ ಬೆಂಡೆ ತಿಂತಾನಾ?”

“ಅದು ಆಮದು ಮಾಡ್ಕೊಳ್ಳೋ ದೇಶದ ಸಮಸ್ಯೆ.”

“ಹಾಗಾದ್ರೆ ಒಲೇನ ಆಚೆಗೇ ಹಾಕ್ಕೋತೀನಿ. ಅಲ್ಲೇ ಬೇಯಿಸ್ತೀನಿ.”

“ಕೆಲಸದ ಪರವಾನಗಿ ಬೇಕಾಗುತ್ತೆ. ಟೋಗೋ ದೇಶದಲ್ಲಿ ಸಾರು ಮಾಡೋರು ಯಾರೂ ಇಲ್ಲ ಅಂತ ಅವರ ಸರ್ಕಾರ ಬರ್ಕೊಡ್ಬೇಕು.”

“ಈ ಕಾನೂನು ಮಾಡಿದ ಪುಣ್ಯಾತ್ಮ ಯಾರು?”

ಕ್ಲುಟ್ಸೆ ಗೆದ್ದಲು ಹಿಡಿದ ಪುಸ್ತಕ ತೆರೆದು ತೋರಿಸಿದರು. “ಬಿಳಿಯರ ಕಾಲದ್ದು ಅಕ್ಕಾ. ಅವರು ಕೋಕೋಗೆ ಅಂತ ಮಾಡಿದ್ರು. ಸ್ವತಂತ್ರರಾದ್ಮೇಲೆ ನಾವೇ ಅದನ್ನ ಸಾರಿಗೂ ವಿಸ್ತರಿಸಿದೀವಿ.”

ಹಸಿ ಬೆಂಡೆ ಕಳಿಸಿ ಎಂದ ಇಲಾಖೆ, ಅದನ್ನು ಆಚೆ ಬೇಯಿಸುವ ಏರ್ಪಾಟನ್ನೂ ತಾನೇ ಮಾಡಿತು. ಮೂರೇ ವಾರದಲ್ಲಿ ಟೊಗ್ಬಿಯ ಜಗಲಿಯ ಮೇಲೆ ‘ಆಧುನಿಕ ಸಾರು ಸಂಸ್ಕರಣಾ ಘಟಕ’ದ ಫಲಕ ಏರಿತು. ಅದರಡಿ ಒಂದು ಒಲೆ, ಒಂದು ದೊಡ್ಡ ಮಡಕೆ. ಮಾಲೀಕ ಇಬ್ಬರೂ ಅಧಿಕಾರಿಗಳ ಹೆಂಡಂದಿರ ಒಬ್ಬನೇ ತಮ್ಮ. ನೆರವಿನ ಉಳಿದ ಪಾಲು ಅದಕ್ಕೇ ಸಂದಿತು. ಕೊಸಿವಾ ತನ್ನ ಹಿತ್ತಲ ಬೆಂಡೆಯನ್ನೆಲ್ಲ ಘಟಕಕ್ಕೇ ಕೊಡಬೇಕು, ಸ್ವಂತ ಅಡುಗೆಗೆ ಬಳಸಿ ರಫ್ತಿಗೆ ಧಕ್ಕೆ ತರಬಾರದು ಎಂದು ಕರಾರಾಯಿತು. ಅಪ್ಪನಿಗೆ ಎರಡು ಹೊತ್ತು ಬಿಸಿ ಊಟ ಸಿಗುತ್ತದೆ ಎಂಬ ಸಾಲು ಅದರಲ್ಲಿತ್ತು. ಅವಳು ಆ ಸಾಲನ್ನು ಎರಡು ಸಲ ಓದಿಸಿಕೊಂಡು ಹೆಬ್ಬೆಟ್ಟು ಒತ್ತಿದಳು.

ಅಡುಗೆಗೆ ಟೋಗೋ ರಾಜಧಾನಿಯಿಂದ ಎಸಿನಾಮ್ ಎಂಬ ಹೆಂಗಸನ್ನು ಕರೆಸಿದ್ದರು. ತರಬೇತಿಯ ಪ್ರಮಾಣಪತ್ರವಿತ್ತು, ಅಡುಗೆ ಬರುತ್ತಿರಲಿಲ್ಲ. ಉದ್ಘಾಟನೆಯ ಬೆಳಿಗ್ಗೆಯೇ ಕಂಬದಾಚೆಯಿಂದ ಪಿಸುಗುಟ್ಟಿದಳು.

“ಅಕ್ಕಾ, ಸಾರು ಲೋಳೆ ಬಿಡ್ತಾನೇ ಇಲ್ಲ! ಮಾನ ಉಳಿಸಿ.”

“ಸಣ್ಣಗೆ ಕೊಚ್ಚೇ ಮಹಾತಾಯಿ. ಚಿಟಿಕೆ ಸೋಡಾ ಹಾಕು, ಮುಚ್ಚಳ ಮುಚ್ಚಬೇಡ. ಮೀನು ಕಡೇಲಿ.”

“ಉಪ್ಪು?”

“ಇನ್ನೊಂದು ಚಿಟಿಕೆ. ಅಪ್ಪಂಗೆ ಸ್ವಲ್ಪ ಮುಂದಿರ್ಬೇಕು.”

ಮಾತಿಗೆ ಸುಂಕ ಹಾಕುವ ಕಲಮು ಇನ್ನೂ ಆಗಿರಲಿಲ್ಲವಾದ್ದರಿಂದ ಈ ರಫ್ತು ಯಾವ ವರದಿಯಲ್ಲೂ ಬರಲಿಲ್ಲ.

ಉದ್ಘಾಟನೆಗೆ ಎರಡೂ ದೇಶಗಳ ಧ್ವಜ ಹಾರಿದವು. ಕೊಸಿವಾಳಿಗೆ ‘ಕಚ್ಚಾ ಸರಕು ಪೂರೈಕೆದಾರರ ಪ್ರತಿನಿಧಿ’ ಎಂದು ಬಟ್ಟೆ ಹೊದಿಸಿ, ಕಂಬದ ಈಚೆಯೇ ನಿಲ್ಲಿಸಿದರು. ಟೊಗ್ಬಿಯ ಮುಂದೆ ಮೊದಲ ಬಟ್ಟಲು ಬಂತು. ಹಬೆಯಾಡುತ್ತಿತ್ತು. ಅವನು ಮುದ್ದೆ ಮುರಿದು ಸಾರಿನಲ್ಲದ್ದಿ ನುಂಗಿ, ಕಣ್ಣು ಮುಚ್ಚಿದ. ಮತ್ತೊಂದು ತುತ್ತು. ಮತ್ತೊಂದು.

“ಹ್ಯಾಗಿದೆ ಅಪ್ಪಾ?” ಕೊಸಿವಾ ಕೂಗಿದಳು.

“ಸಾರು ಅಂದ್ರೆ ಇದು ಮಗಳೇ! ಕಂಪನಿ ಸರಕು ಕಂಪನಿ ಸರಕೇ.”

“ಬೆಂಡೆ ನಮ್ಮ ಹಿತ್ತಲದ್ದು ಅಪ್ಪಾ. ಉಪ್ಪು ಎಷ್ಟು ಅಂತ ಹೇಳಿದ್ದೂ ನಾನೇ.”

“ಬೆಂಡೆ ಯಾರು ಬೇಕಾದ್ರೂ ಬೆಳೀತಾರೆ ಕಣೇ. ಮಾಡೋ ಕೈ ಬೇಕು.” ಮುದುಕ ಬೆರಳು ನೆಕ್ಕಿ, ಮಗಳು ನೊಂದಾಳೆಂದು ಪ್ರೀತಿಯಿಂದ ಸೇರಿಸಿದ: “ಪಾಪ, ಇಷ್ಟು ವರ್ಷ ನೀನೂ ನಿನ್ನ ಕೈಲಾದಷ್ಟು ಮಾಡಿದೆ.”

ಕೊಸಿವಾಳಿಗೆ ಅಳು ಉಕ್ಕಿ ಬಂತು. ಜನ ಅದನ್ನು ಆನಂದಬಾಷ್ಪವೆಂದು ತಿಳಿದು ಚಪ್ಪಾಳೆ ತಟ್ಟಿದರು. ಆದರೆ ಅಪ್ಪ ಉಣ್ಣುತ್ತಿದ್ದ. ಕೆಮ್ಮದೆ, ನಿಲ್ಲಿಸದೆ ಉಣ್ಣುತ್ತಿದ್ದ. ಅವಳು ಹೊದಿಸಿದ ಬಟ್ಟೆಯ ತುದಿಯಿಂದಲೇ ಕಣ್ಣೊರೆಸಿಕೊಂಡಳು.

ಅವಳಿಗೂ ಹಸಿವಾಗಿತ್ತು. ಹಿತ್ತಲಲ್ಲಿ ಕರಾರಿನ ಪ್ರಕಾರ ಒಂದು ಬೆಂಡೆಯೂ ಉಳಿದಿರಲಿಲ್ಲ. ಕಂಬ ದಾಟಿ ಹೋಗಿ ಜಗಲಿಯ ಮುಂದೆ ಸರತಿಯಲ್ಲಿ ನಿಂತು ಒಂದು ಬಟ್ಟಲು ಕೊಂಡಳು. ಬೇಯಿಸಿದ ಸರಕು ಆಮದಾಗುತ್ತಿದ್ದುದರಿಂದ ಮೊದಲು ಅಮೆಗಾನ್, ಆಮೇಲೆ ಕ್ಲುಟ್ಸೆ ಪರಿಶೀಲಿಸಿ ಮೊಹರು ಹಾಕಿದರು. ಆರಿದ ಮುದ್ದೆಯನ್ನು ಅವಳು ತನ್ನ ತಣ್ಣಗಿನ ಒಲೆಯ ಪಕ್ಕ ಕೂತು ಅಗಿದಳು. ಅವಳಿಗೆ ಹಲ್ಲಿದ್ದವು.

ಪಕ್ಕದ ಮನೆಯ ಡೋವಿ ಬೇಲಿಯ ಮೇಲಿಂದ ಇಣುಕಿದಳು. “ಏನೇ, ಒಲೇಲಿ ಹೊಗೇನೇ ಇಲ್ಲ? ಹುಷಾರಿಲ್ವಾ?”

“ಹುಷಾರಾಗೇ ಇದೀನಿ,” ಎಂದಳು ಕೊಸಿವಾ ಸ್ವಲ್ಪ ಗತ್ತಿನಿಂದಲೇ. “ನಮ್ಮನೇಲಿ ಈಗ ಆಮದು ಸಾರು.”

ಡೋವಿ ಬಟ್ಟಲನ್ನೂ ಮೊಹರನ್ನೂ ಸ್ವಲ್ಪ ಹೊತ್ತು ನೋಡಿದಳು.

“ನಮ್ಮ ಬೆಂಡೇನೂ ತಗೋತಾರಾ, ಒಂದು ಮಾತು ಕೇಳಿ ನೋಡೇ,” ಎಂದಳು.