ಕತ್ತರಿ ಹಿಡಿದರೆ ಮಾತು

ಹೊಸ ಪರದೆ ಹೇಗಿದೆ ಎಂದು ಹೆಂಡತಿ ಕೇಳಿದಾಗ ಕ್ಷೌರಿಕ ‘ಹೂಂ’ ಎಂದ. ಸುಟ್ಟುಬಿಡಲೇ ಎಂದಾಗಲೂ ‘ಹೂಂ’ ಎಂದ. ರಂಪಕ್ಕೆ ಅಷ್ಟೇ ಸಾಕಾಯಿತು. ಅಂಗಡಿಯಲ್ಲಿ ಅರಳು ಹುರಿದಂತೆ ಮಾತಾಡುವ ಮನುಷ್ಯನಿಗೆ ಮನೆಯ ಹೊಸ್ತಿಲು ದಾಟಿದೊಡನೆ ನಾಲಿಗೆ ಬಿದ್ದುಹೋಗುತ್ತಿತ್ತು. ಇವತ್ತೇ ಆಪ್ತಸಮಾಲೋಚಕಿಯ ಹತ್ತಿರ ಹೋಗೋಣ, ಅಲ್ಲೂ ಸರಿಹೋಗದಿದ್ದರೆ ನಾನು ಅಕ್ಕನ ಮನೆಗೆ ಹೊರಟೆ ಎಂದಳು. ಅವನು ಆ ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ.

ಪಕ್ಕದ ಮನೆಯ ದರ್ಜಿ, ಯಾರೂ ಕೇಳದಿದ್ದರೂ, ಬುದ್ಧಿ ಹೇಳಿದ. ಅಲ್ಲಿ ಗಂಡಸರನ್ನು ಕೂರಿಸಿ ಅಳಿಸುತ್ತಾರಂತೆ, ತಪ್ಪೆಲ್ಲ ನನ್ನದೇ ಅಂದುಬಿಟ್ಟರೆ ಬೇಗ ಬಿಡುತ್ತಾರಂತೆ. ಕ್ಷೌರಿಕ ಒಳಗೆ ಕಾಲಿಟ್ಟವನೇ ತಪ್ಪೊಪ್ಪಿಕೊಂಡ. ಯಾವ ತಪ್ಪು ಎಂದು ಸಮಾಲೋಚಕಿ ಕೇಳಿದಾಗ ಬೆಬ್ಬೆಬ್ಬೆ ಎಂದ.

ಆಕೆ ಅಳಿಸಲಿಲ್ಲ, ಯಾರ ಪಕ್ಷವನ್ನೂ ವಹಿಸಲಿಲ್ಲ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕೇಳಬೇಕು ಎಂದಷ್ಟೇ ಹೇಳಿ, ನೀವಿಬ್ಬರೂ ಖುಷಿಯಾಗಿದ್ದದ್ದು ಯಾವಾಗ ಎಂದು ಕೇಳಿದರು. ಹೆಂಡತಿಯ ದನಿ ಮೆತ್ತಗಾಯಿತು.

"ಮದುವೆಯಾದ ಹೊಸದರಲ್ಲಿ ಇದ್ದಿದ್ದು ಒಂದೇ ಕೋಣೆ. ಸಂಜೆ ಕಿಟಕಿ ಹತ್ರ ಕೂರಿಸ್ಕೊಂಡು ನನ್ನ ಕೂದಲ ತುದಿ ಕತ್ತರಿಸ್ತಿದ್ರು. ಆಗ ಎಷ್ಟು ಮಾತಾಡ್ತಿದ್ರು ಅಂತೀರಿ. ಕತ್ತಲಾಗಿದ್ದೂ ಗೊತ್ತಾಗ್ತಿರ್ಲಿಲ್ಲ."

ಅವನಿಗೂ ಎಲ್ಲ ನೆನಪಾಯಿತು: ಒಂದು ಕಾಲು ಗಿಡ್ಡವಾದ ಸ್ಟೂಲು, ಅವಳ ಹೆಗಲ ಮೇಲಿನ ಮಾಸಿದ ಟವೆಲು, ನಗು ತಡೆಯಲಾರದೆ ಅವಳು ಅಲುಗಾಡಿ ಕೂದಲು ಓರೆಯಾಗಿದ್ದು. ಎಂಥ ದಿನಗಳನ್ನು ಕಳೆದುಕೊಂಡೆವು ಎಂದುಕೊಂಡ. ಇವತ್ತು ಸಂಜೆ ಮತ್ತೆ ಹಾಗೆಯೇ ಮಾಡಿ ನೋಡಿ ಎಂದರು ಸಮಾಲೋಚಕಿ.

ಸಂಜೆ ಅವಳು ಕಿಟಕಿಗೆ ಮುಖಮಾಡಿ ಕೂತಳು. ಕತ್ತರಿ ಕೈಗೆ ಬಂದದ್ದೇ ತಡ, ಅವನ ನಾಲಿಗೆ ಸಡಿಲಾಯಿತು. ಪೇಟೆಯ ಸುದ್ದಿ, ದರ್ಜಿಯ ಪೆದ್ದುತನ, ಬೋಳುತಲೆಯವರೊಬ್ಬರು ಚೌಕಾಸಿ ಮಾಡಿದ ಕತೆ, ಎಲ್ಲ ಬಂದವು. ಅವಳು ನಕ್ಕಳು. ಅದೇ ಹಳೆಯ ನಗು. ಅವನಿಗೆ ಹುರುಪೇರಿತು. ಕತ್ತರಿ ಆಡುತ್ತ ಆಡುತ್ತ, ಮುಂದೆ ಕೂತಿರುವುದು ಗಿರಾಕಿಯಲ್ಲ ಎಂಬುದೇ ಮರೆತುಹೋಯಿತು.

"ತಲೆ ಸ್ವಲ್ಪ ಬಗ್ಗಿಸಿ ಸ್ವಾಮಿ," ಎಂದ. "ನಮ್ಮನೆಯವಳ ಗೋಳು ಏನಂತ ಹೇಳ್ಲಿ. ಮಾತು ಶುರು ಮಾಡಿದ್ರೆ ನಿಲ್ಲಿಸೋದೇ ಇಲ್ಲ. ಅದಕ್ಕೇ ಮನೇಲಿ ನಾನು ತುಟಿ ಪಿಟಕ್ ಅನ್ನಲ್ಲ. ಇವತ್ತು ಅದ್ಯಾರ ಹತ್ರಾನೋ ಎಳ್ಕೊಂಡು ಹೋಗಿದ್ಲು, ಒಂದು ದಿನದ ವ್ಯಾಪಾರ ಹಾಳು."

"ಆಮೇಲೆ?" ಎಂದಳು ಹೆಂಡತಿ, ತಣ್ಣಗೆ.

ಕತ್ತರಿ ಗಾಳಿಯಲ್ಲೇ ನಿಂತಿತು. ಅವಳು ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದವಾಗಿದ್ದ ಕೂದಲನ್ನು ಹಾಗೇ ಗಂಟುಕಟ್ಟಿಕೊಂಡು ಅಕ್ಕನ ಮನೆಯ ದಾರಿ ಹಿಡಿದಳು.

ದರ್ಜಿ ಗೇಟಿನ ಹತ್ತಿರ ಬಂದು, ಹೋದ ಕೆಲಸ ಏನಾಯಿತು ಎಂದು ಕೇಳಿದ. ಕ್ಷೌರಿಕ ಬೀದಿಯ ತಿರುವನ್ನೇ ನೋಡುತ್ತಿದ್ದ.

"ಗುಣ ಆಯ್ತು ಕಣಪ್ಪಾ," ಎಂದ. "ನನಗೆ ಮಾತು ಬಂತು. ಕೇಳೋಳು ಹೋದ್ಲು."