ಊಟ ಆಯ್ತಾ, ಬಹಳ ಸಂತೋಷ

ನಾನು ಓದಿದ್ದು ಮೂರನೇ ಕ್ಲಾಸು. ಮಾತಿನಲ್ಲಿ ಮಾತ್ರ ಎಂ.ಎ. ಎಂದು ನಮ್ಮ ಯಜಮಾನರು ಬದುಕಿದ್ದ ತನಕ ಹೇಳುತ್ತಿದ್ದರು. ಅದು ಹೊಗಳಿಕೆಯಲ್ಲವೆಂದು ನನಗೂ ಗೊತ್ತಿತ್ತು. ಅಂಥ ನನ್ನ ದನಿ ಈಗ ಇಂಟರ್ನೆಟ್ಟಿನೊಳಗೆ ಹೋಗಿ ಕೂತಿದೆ. ಮೊಣಕಾಲು ಒಂದು ಒಪ್ಪಿದ್ದರೆ ಕುಣಿದೇ ಬಿಡುತ್ತಿದ್ದೆ.

ಕಾಮಾಕ್ಷಿಪಾಳ್ಯದಲ್ಲಿ ನನ್ನ ಸೊಸೆ ಶೋಭಾ ಮತ್ತು ನಾನು ಒಬ್ಬಟ್ಟಿನ ಅಂಗಡಿ ನಡೆಸುತ್ತೇವೆ. ಮೊದಲು ಇದ್ದದ್ದು ಒಂದೇ ಒಂದು ಹಳೇ ಫೋನು. ರಸ್ತೆ ಅಗೆಯಲು ಬಂದವರೆಲ್ಲ ಅದರ ತಂತಿ ಕತ್ತರಿಸಿಯೇ ಹೋಗುತ್ತಿದ್ದರು. ಸರಿಯಿದ್ದಾಗ, ಕೈಗಂಟಿದ ಕಣಕ ಒರೆಸಿಕೊಂಡು ಎತ್ತುವಷ್ಟರಲ್ಲಿ ಕಟ್. ಒಬ್ಬರು ಮಾತಾಡುತ್ತಿದ್ದರೆ ಉಳಿದವರಿಗೆಲ್ಲ ಎಂಗೇಜ್. ಯುಗಾದಿಯ ಹಿಂದಿನ ದಿನ ಎಷ್ಟು ಗಿರಾಕಿಗಳು ಬೈದುಕೊಂಡು ಬೇರೆ ಕಡೆ ಹೋದರೋ! ಕೊನೆಗೆ ಮೊಮ್ಮಗಳು ಚೈತ್ರಾ ಇಂಟರ್ನೆಟ್ ಫೋನು ಹಾಕಿಸಿದಳು. ಅದು ಹೇಗೆ ಕೆಲಸ ಮಾಡುತ್ತದೆಂದು ಹೇಳುವವರೆಗೂ ನಾನು ಬಿಡಲಿಲ್ಲ.

"ಅಜ್ಜಿ, ನೀನ್ ಮಾತಾಡಿದ್ದನ್ನ ಅದು ಚೂರು ಚೂರು ಮಾಡತ್ತೆ. ಒಂದೊಂದು ಚೂರಿಗೂ ಅಡ್ರೆಸ್ ಹಾಕಿ ಇಂಟರ್ನೆಟ್‌ನಲ್ಲಿ ಕಳಿಸತ್ತೆ. ಆ ಕಡೆ ಮತ್ತೆ ಜೋಡಿಸ್ಕೊಳತ್ತೆ."

"ದಾರೀಲಿ ಒಂದೆರಡು ಚೂರು ಬಿದ್ದೋದ್ರೆ?"

"ಇಂಟರ್ನೆಟ್ ಸ್ಲೋ ಇದ್ರೆ ಮಾತು ಸ್ವಲ್ಪ ತಡವರಿಸತ್ತೆ, ಅಷ್ಟೇ."

"ನಿಮ್ ತಾತ ನನ್ನ ನೋಡೋಕೆ ಬಂದಾಗ ತಡವರಿಸಿದ್ರಲ್ಲ, ಹಂಗಾ?"

"ಹಂಗೇ ಕಣಜ್ಜಿ."

ಅದರ ಉಪಕಾರ ಏನು ಹೇಳಲಿ! ಒಂದೇ ನಂಬರಿಗೆ ಅಂಗಡಿಯಲ್ಲಿ ಶೋಭಾ, ಬಸವೇಶ್ವರನಗರದ ಮನೆಯಲ್ಲಿ ಚೈತ್ರಾ, ಎಲ್ಲಿದ್ದರೆ ಅಲ್ಲಿ ನಾನು, ಮೂವರ ಮೊಬೈಲೂ ಒಟ್ಟಿಗೆ ಬಡಿದುಕೊಳ್ಳುತ್ತವೆ. ಮೂವರೂ ಮೂವರು ಗಿರಾಕಿಗಳ ಜೊತೆ ಏಕಕಾಲಕ್ಕೆ ಮಾತಾಡಬಹುದು. ಕೆಂಗೇರಿಯಲ್ಲಿ ಒಂದು ನಾಮಕರಣದ ಪಂಕ್ತಿಯಲ್ಲಿ ಕೂತು, ಎಡಗೈಯಲ್ಲಿ ಫೋನು ಹಿಡಿದು ಐವತ್ತು ಕಾಯಿ ಒಬ್ಬಟ್ಟಿಗೆ ಆರ್ಡರ್ ತೆಗೆದುಕೊಂಡೆ. ನಾನು ಒಲೆ ಮುಂದೆಯೇ ಇದ್ದೇನೆಂದು ಆ ಕಡೆಯವರು ತಿಳಿದರು. ನನ್ನ ಎಲೆಗೆ ಬಡಿಸಿದ ಒಬ್ಬಟ್ಟು ಚಪ್ಪಲಿಯ ಅಟ್ಟೆಯಂತಿತ್ತು, ಅದು ಬೇರೆ ವಿಷಯ.

ನಾವು ಎತ್ತುವ ಮೊದಲು, ಫೋನು ಮಾಡಿದವರಿಗೆ ದಾರಿ ತೋರಿಸಲು ಒಂದು ದನಿ ಬೇಕು ಎಂದಳು ಚೈತ್ರಾ. ಈ ಮನೆಯಲ್ಲಿ ದನಿಗೆ ಬೇರೆಯವರನ್ನು ಹುಡುಕುತ್ತಾರೆಯೇ? ರೆಕಾರ್ಡ್ ಮಾಡಿಸಲು ನಾನೇ ಕೂತೆ. ಆದರೆ ಬಂದವರನ್ನು ಊಟ ಆಯ್ತಾ ಎಂದು ಕೇಳದೆ ಒಂದು ಒತ್ತಿ, ಎರಡು ಒತ್ತಿ ಎನ್ನುವುದು ಯಾವ ಮರ್ಯಾದೆ? ಹಾಗಾಗಿ ನನ್ನದೇ ರೀತಿಯಲ್ಲಿ ಹೇಳಿದೆ: "ನಮಸ್ಕಾರ. ಊಟ ಆಯ್ತಾ? ಬಹಳ ಸಂತೋಷ. ಕಾಯಿ ಒಬ್ಬಟ್ಟಿಗೆ ಒಂದು ಒತ್ತಿ, ಬೇಳೆ ಒಬ್ಬಟ್ಟಿಗೆ ಎರಡು ಒತ್ತಿ."

"ಅತ್ತೆ, ಅವರು ಏನಾದ್ರೂ ಹೇಳಿದ್ರೆ?" ಎಂದಳು ಶೋಭಾ.

"ಏನ್ ಹೇಳ್ತಾರೆ? ಆಯ್ತು ಅಂತಾರೆ."

ಮಹಾಲಕ್ಷ್ಮಿ ಲೇಔಟಿನ ಗೌರಮ್ಮ ನನ್ನ ಹಳೆಯ ಗೆಳತಿ, ನಮ್ಮ ಅಂಗಡಿಯ ಮೊದಲ ಗಿರಾಕಿ. ಅವಳ ಮೊಮ್ಮಗಳ ಮದುವೆಗೆ ಒಬ್ಬಟ್ಟು ನಮ್ಮದೇ ಎಂದು ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಮದುವೆಗೆ ಎರಡು ವಾರ ಉಳಿದರೂ ಗೌರಮ್ಮನ ಸುದ್ದಿಯಿಲ್ಲ. ವಿಜಯನಗರದ ಯಾವುದೋ ಅಂಗಡಿಯಲ್ಲಿ ವಿಚಾರಿಸಿದಳಂತೆ ಎಂದು ಶೋಭಾ ಕೇಳಿಕೊಂಡು ಬಂದಳು. ನನಗೆ ಮೈಯೆಲ್ಲ ಉರಿಯಿತು. ಬೈಯಲು ಫೋನು ಎತ್ತಿದೆ. ಚೈತ್ರಾ ತಡೆದು, "ಬಂದ ಕಾಲ್ ಎಲ್ಲಾ ಇದ್ರಲ್ಲಿ ರೆಕಾರ್ಡ್ ಆಗಿರತ್ತೆ, ತಾಳು," ಎಂದು ಗೌರಮ್ಮನ ಕಾಲ್ ಹುಡುಕಿ ಹಾಕಿದಳು.

"ನಮಸ್ಕಾರ. ಊಟ ಆಯ್ತಾ?" ಎಂದಿತು ನನ್ನ ದನಿ.

"ಎಲ್ಲಿ ಊಟ ಕಣೇ, ನಾಲ್ಕು ದಿನದಿಂದ ಜ್ವರ..." ಎಂದಳು ಗೌರಮ್ಮ.

"ಬಹಳ ಸಂತೋಷ. ಕಾಯಿ ಒಬ್ಬಟ್ಟಿಗೆ ಒಂದು ಒತ್ತಿ."

"ಒತ್ತಲ್ಲ ಹೋಗೇ!" ಎಂದು ಫೋನು ಕುಕ್ಕಿದ ಸದ್ದು.

ಮಾರನೆಯ ಬೆಳಿಗ್ಗೆ ಮೆಣಸಿನ ಸಾರು ಮಾಡಿ, ಡಬ್ಬಿಗೆ ತುಂಬಿಕೊಂಡು ಆಟೋ ಹತ್ತಿದೆ. ಗೌರಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ಅದು ನಾನಲ್ಲ ಕಣೇ, ಮಿಷನ್ನು. ನನ್ನ ದನಿ ಹಿಡಿದು ಇಟ್ಟಿದಾರೆ," ಎಂದೆ.

ಅವಳು ಎದ್ದೇ ಕೂತಳು. "ಮಿಷನ್ನಾ? ನಂಗೆ ಗೊತ್ತೇ ಆಗ್ಲಿಲ್ವಲ್ಲೇ! ನೀನೂ ಹಂಗೇ ತಾನೆ? ನನ್ನ ಕಣ್ಣಿನ ಆಪರೇಷನ್ ಆದಾಗ ಬಂದು ಊಟ ಆಯ್ತಾ ಅಂದೆ. ನಾನು ಬಾಯಿ ತೆಗೆಯೋದ್ರೊಳಗೆ ನಿನ್ನ ಸೊಸೆ ಪುರಾಣ ಶುರು ಮಾಡ್ದೆ."

ನಾನು ಡಬ್ಬಿ ಬಿಚ್ಚಿ, ಲೋಟಕ್ಕೆ ಸಾರು ಬಗ್ಗಿಸಿ ಅವಳ ಕೈಗಿಟ್ಟೆ. ಅವಳು ಸಾರು ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು. "ಮುನ್ನೂರು ಕಾಯಿ ಒಬ್ಬಟ್ಟು. ಬಾಯಲ್ಲೇ ಹೇಳ್ತಿದೀನಿ, ಒಂದು ಗಿಂದು ಒತ್ತು ಅನ್ಬೇಡ."

ಚೈತ್ರಾ ಈಗ "ಬಹಳ ಸಂತೋಷ" ತೆಗೆದುಹಾಕಿ ಅಲ್ಲಿ ಐದು ಸೆಕೆಂಡು ಖಾಲಿ ಬಿಟ್ಟಿದ್ದಾಳೆ. ಜನ ಎಷ್ಟು ಚೆನ್ನಾಗಿ ಉತ್ತರ ಕೊಡುತ್ತಾರೆ ಗೊತ್ತೇ! ಒಬ್ಬರ ಮನೆಯಲ್ಲಿ ಅವರೆಕಾಳು ಸಾರು, ಒಬ್ಬರಿಗೆ ಉಪವಾಸ, ಹೆಗ್ಗನಹಳ್ಳಿಯ ಒಬ್ಬರಿಗೆ ಹೆಂಡತಿ ಮುನಿಸಿಕೊಂಡು ಅಡಿಗೆಯೇ ಇಲ್ಲ. ಮಿಷನ್ನು ಎಲ್ಲರಿಗೂ ಐದು ಸೆಕೆಂಡು ಸುಮ್ಮನಿರುತ್ತದೆ. ಅದಕ್ಕೆ ಆಗುವುದು ನನಗೆ ಆಗದೇ ಎಂದು ನಾನೂ ಹಠ ಹಿಡಿದಿದ್ದೇನೆ. ನಿನ್ನೆ ಶೋಭಾಳನ್ನು ಊಟ ಆಯ್ತಾ ಎಂದು ಕೇಳಿ, ತುಟಿ ಬಿಗಿಹಿಡಿದು ಮನಸ್ಸಿನಲ್ಲೇ ಐದರವರೆಗೂ ಎಣಿಸಿದೆ. ಅವಳು ಏನೋ ಹೇಳಿದಳು. ಏನೆಂದು ಮಾತ್ರ ಕೇಳಬೇಡಿ, ನಾನು ಎಣಿಸುತ್ತಿದ್ದೆ.